ಕ್ಲಿಕ್ಕಿಗೆ ಮಣಿಯದ ಕಾಲಾಳು

ಕಂಪ್ಯೂಟರಿನ ಯುದ್ಧದಾಟಗಳಲ್ಲಿ ಎರಡು ಜಾತಿಯ ಸೈನಿಕರಿದ್ದಾರೆ. 1999ರಲ್ಲಿ ಬಂದ, ಇಂದಿಗೂ ಜಗತ್ತಿನೆಲ್ಲೆಡೆ ಆಡುವವರಿರುವ ‘ಏಜ್ ಆಫ್ ಎಂಪೈರ್ಸ್ 2’ರ ಸೈನಿಕ ಮೊದಲನೆಯ ಜಾತಿಯವನು. ಆಟಗಾರ ಮೌಸ್ ಒತ್ತಿದ ಕಡೆಗೆ ನಡೆಯುತ್ತಾನೆ, ಎದುರಿಗೆ ನೂರು ಜನರಿದ್ದರೂ ಒಬ್ಬನೇ ನುಗ್ಗುತ್ತಾನೆ, ಕೊನೆಯುಸಿರಿನವರೆಗೂ ಕತ್ತಿ ಬೀಸುತ್ತಾನೆ. ಹೆದರಿಕೆ ಅವನಿಗೆ ಗೊತ್ತೇ ಇಲ್ಲ. ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ ರೂಪಿಸಿದ, 2006ರಲ್ಲಿ ಹೊರಬಂದ ‘ಮಿಡೀವಲ್ 2: ಟೋಟಲ್ ವಾರ್’ ಆಟದ ಸೈನಿಕ ಎರಡನೆಯ ಜಾತಿಯವನು. ಇವನು ಆಜ್ಞೆ ಪಾಲಿಸುತ್ತಾನೆ, ಆದರೆ ತನ್ನ ಎದೆ ಗಟ್ಟಿಯಿರುವ ತನಕ ಮಾತ್ರ. ಅದು ಕುಗ್ಗಿತೆಂದರೆ ಕಾಲಿಗೆ ಬುದ್ಧಿ ಹೇಳುತ್ತಾನೆ. ಎಷ್ಟು ಕ್ಲಿಕ್ ಮಾಡಿದರೂ ತಿರುಗಿ ನೋಡುವುದಿಲ್ಲ. ಓಡಿಹೋಗುವ ಈ ಸೈನಿಕನನ್ನು ಆಟದ ಒಂದು ತೊಡಕೆಂದು ಭಾವಿಸುವವರುಂಟು. ಮಧ್ಯಯುಗದ ಯುದ್ಧದ ಬಗ್ಗೆ ಈ ಆಟ ಹೇಳುವ ಅತಿ ದೊಡ್ಡ ಸತ್ಯವೇ ಅವನು ಎಂಬುದು ನನ್ನ ವಾದ. ಕೋಟೆ, ಕವಚ, ಬಾವುಟಗಳ ಚಿತ್ರಣ ಎಷ್ಟೇ ಸೊಗಸಾಗಿರಲಿ, ಅವೆಲ್ಲ ವೇಷಭೂಷಣ. ಭಯದ ಲೆಕ್ಕಾಚಾರವೇ ಆಟದ ತಿರುಳು.

ಆ ಲೆಕ್ಕಾಚಾರ ನಡೆಯುವ ಬಗೆ ಹೀಗೆ. ಆಟದ ಕಾಲ 1080ರಿಂದ 1530ರವರೆಗೆ. ಯುರೋಪ್ ಮತ್ತು ಅದರ ಸುತ್ತಲಿನ ನಾಡುಗಳ ನಕ್ಷೆಯ ಮೇಲೆ ಆಟಗಾರ ಒಂದು ರಾಜ್ಯವನ್ನು ಆಳುತ್ತಾನೆ; ಎರಡು ಸೈನ್ಯಗಳು ಎದುರಾದಾಗ ಕದನವನ್ನು ತಾನೇ ನಡೆಸಬಹುದು. ಒಂದು ಸೈನ್ಯದಲ್ಲಿ ಹೆಚ್ಚೆಂದರೆ 20 ತುಕಡಿಗಳು: ಈಟಿಗಾರರು, ಬಿಲ್ಗಾರರು, ಕವಚಧಾರಿ ರಾವುತರು, ಹೊಲದಿಂದ ನೇರವಾಗಿ ಎಳೆದು ತಂದಂತಿರುವ ರೈತರು. ತೆರೆಯ ಮೇಲೆ ಒಬ್ಬೊಬ್ಬ ಸೈನಿಕನ ಚಹರೆ, ಉಡುಗೆ ಬೇರೆಬೇರೆಯಾಗಿ ಕಂಡರೂ ಒಬ್ಬನನ್ನೇ ಕರೆದು ಆಜ್ಞೆ ಕೊಡುವಂತಿಲ್ಲ. ಆಜ್ಞೆಯೇನಿದ್ದರೂ ಇಡೀ ತುಕಡಿಗೆ. ಪ್ರತಿ ತುಕಡಿಗೂ ಆಯುಧದ ಬಲ, ರಕ್ಷಣೆಯ ಬಲಗಳ ಜೊತೆಗೆ ಸ್ಥೈರ್ಯದ ಒಂದು ಅಳತೆಯಿದೆ. ಪಕ್ಕೆಯಿಂದಲೋ ಬೆನ್ನ ಹಿಂದಿನಿಂದಲೋ ಶತ್ರು ಬಿದ್ದರೆ, ಕಣ್ಣೆದುರೇ ಜೊತೆಗಾರರು ಬೇಗಬೇಗ ಉರುಳಿದರೆ, ದಣಿವು ಏರಿದರೆ, ನೆರೆಯ ತುಕಡಿ ಓಡತೊಡಗಿದರೆ ಅದು ಇಳಿಯುತ್ತದೆ. ದಂಡನಾಯಕ ಹತ್ತಿರವಿದ್ದರೆ, ತುಕಡಿಗೆ ಹಿಂದಿನ ಕದನಗಳ ಅನುಭವವಿದ್ದರೆ ತಡೆದು ನಿಲ್ಲುತ್ತದೆ. ಅಳತೆ ತಳ ಮುಟ್ಟಿದಾಗ ತುಕಡಿಯ ಮೇಲೆ ಬಿಳಿ ಬಾವುಟ ಕಾಣಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಜನ ಬದುಕಿದ್ದರೂ ಆ ತುಕಡಿ ಸದ್ಯಕ್ಕೆ ಇಲ್ಲವಾದಂತೆಯೇ.

ಆದ್ದರಿಂದ ಇಲ್ಲಿ ತುಕಡಿ ನಡೆಸುವುದೆಂದರೆ ಕೊಲ್ಲುವ ಕೆಲಸವನ್ನು ಹಂಚುವುದಲ್ಲ, ಧೈರ್ಯವನ್ನು ಖರ್ಚು ಮಾಡುವುದು. ಪಳಗಿದ ಆಟಗಾರ ಈಟಿಗಾರರನ್ನು ಎದುರು ನಿಲ್ಲಿಸಿ ಶತ್ರುವನ್ನು ಅಲ್ಲಿಯೇ ಕಟ್ಟಿಹಾಕುತ್ತಾನೆ. ಸವಾರರನ್ನು ದೂರದಿಂದ ಬಳಸಿ ತಂದು ಬೆನ್ನಿಗೆ ಬಿಡುತ್ತಾನೆ. ಆ ಏಟಿನಲ್ಲಿ ಸಾಯುವವರಿಗಿಂತ ಎದೆಗುಂದುವವರೇ ಹೆಚ್ಚು. ರೈತರ ತುಕಡಿಯನ್ನು ಸಾಲಿನ ನಡುವೆ ನಿಲ್ಲಿಸಲು ಅವನು ಹಿಂಜರಿಯುತ್ತಾನೆ, ಏಕೆಂದರೆ ಅವರು ಓಡಿದರೆ ಆ ದಿಗಿಲು ಎಡಬಲಕ್ಕೂ ಅಂಟುತ್ತದೆ. ದಣಿಯದ ಒಂದೆರಡು ತುಕಡಿಗಳನ್ನು ಹಿಂದೆ ಕಾಯ್ದಿರಿಸುತ್ತಾನೆ. ಓಡುವವರನ್ನು ಬೆನ್ನಟ್ಟಿ ಸೆರೆ ಹಿಡಿಯುತ್ತಾನೆ. ಕದನದ ನಂತರ ಅವರನ್ನು ಬಿಡಬಹುದು, ಕೊಲ್ಲಬಹುದು, ಇಲ್ಲವೇ ಒತ್ತೆಹಣ ಕೇಳಬಹುದು. ಪುರಾತನ ಕದನಗಳನ್ನು ಅಧ್ಯಯನ ಮಾಡಿದ 19ನೆಯ ಶತಮಾನದ ಫ್ರೆಂಚ್ ಸೇನಾಧಿಕಾರಿ ಆರ್ದಾಂ ದು ಪಿಕ್ ಮಂಡಿಸಿದ ವಿಚಾರವೂ ಇದೇ: ಎದುರುಬದುರು ಹೊಡೆದಾಟದಲ್ಲಿ ಸಾಯುವವರು ಕಡಿಮೆ, ಒಂದು ಪಕ್ಷ ಬೆನ್ನು ತೋರಿಸಿದ ಮೇಲೆ ಸಾಯುವವರೇ ಹೆಚ್ಚು.

ಇತಿಹಾಸ ಇದಕ್ಕೆ ಸಾಕ್ಷಿ ಹೇಳುತ್ತದೆ. 1066ರ ಅಕ್ಟೋಬರ್ 14ರಂದು ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ನಾರ್ಮಂಡಿಯ ವಿಲಿಯಂ ಸತ್ತನೆಂಬ ಗಾಳಿಸುದ್ದಿ ಹಬ್ಬಿ ಅವನ ಸೈನ್ಯ ಹಿಮ್ಮೆಟ್ಟತೊಡಗಿತು. ವಿಲಿಯಂ ಶಿರಸ್ತ್ರಾಣವನ್ನು ಮೇಲೆತ್ತಿ ಮುಖ ತೋರಿಸಿದ; ಈ ಕದನವನ್ನು ಚಿತ್ರಿಸುವ ಬಾಯೂ ಕಸೂತಿಪಟದಲ್ಲಿ ಆ ದೃಶ್ಯ ಇಂದಿಗೂ ಇದೆ. ಅವನ ದಂಡು ಮತ್ತೆ ನಿಂತಿತು. ದಿನದ ಕೊನೆಗೆ ದೊರೆ ಹೆರಾಲ್ಡ್ ಬಿದ್ದಾಗ ಇಂಗ್ಲಿಷರ ಪಡೆ ಒಡೆಯಿತು. ನಮ್ಮ ನೆಲದಲ್ಲೂ ಇದೇ ನಡೆದಿದೆ. 1556ರ ಪಾಣಿಪತ್ ಕದನದಲ್ಲಿ ಮೊಘಲರ ವಿರುದ್ಧ ಗೆಲುವಿನ ಹತ್ತಿರವಿದ್ದ ಹೇಮುವಿನ ಕಣ್ಣಿಗೆ ಬಾಣ ನಾಟಿತು, ಅವನ ಸೈನ್ಯ ಚೆದುರಿತು. 1565ರ ಜನವರಿಯಲ್ಲಿ ತಾಳಿಕೋಟೆ ಕದನದಲ್ಲಿ ವೃದ್ಧ ರಾಮರಾಯ ಸೆರೆಸಿಕ್ಕು, ಅವನ ತಲೆಯನ್ನು ಭರ್ಜಿಗೆ ಸಿಕ್ಕಿಸಿ ತೋರಿಸಿದಾಗ ವಿಜಯನಗರದ ದಂಡು ದಿಕ್ಕಾಪಾಲಾಯಿತು. ಆ ಸೋಲಿಗೆ ಎದುರಾಳಿ ದಖ್ಖನಿನ ಸುಲ್ತಾನರ ಒಗ್ಗಟ್ಟು, ಅವರ ಫಿರಂಗಿಗಳು, ವಿಜಯನಗರದ ಒಳಗಿನ ದ್ರೋಹ ಎಂದು ಬೇರೆ ಕಾರಣಗಳನ್ನೂ ಇತಿಹಾಸಕಾರರು ಚರ್ಚಿಸುತ್ತಾರೆ. ಅವು ಸೋಲನ್ನು ವಿವರಿಸಬಹುದು. ಸೋಲು ಆ ಗಳಿಗೆಯಲ್ಲೇ ಓಟವಾಗಿ ಮಾರ್ಪಟ್ಟದ್ದನ್ನು ವಿವರಿಸಲು ಆ ತಲೆಯ ಕಡೆಗೇ ನೋಡಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ: ಗೆಲುವು ತರುವುದು ಆಯುಧವೇ ಹೊರತು ಮನಸ್ಸಲ್ಲ, 1346ರ ಕ್ರೆಸಿಯಲ್ಲಿ, 1415ರ ಅಜಿನ್‌ಕೋರ್‌ನಲ್ಲಿ ಇಂಗ್ಲಿಷರ ಉದ್ದಬಿಲ್ಲು ಫ್ರಾನ್ಸಿನ ರಾವುತರನ್ನು ಮಣ್ಣುಗೂಡಿಸಲಿಲ್ಲವೇ? ಬಿಲ್ಲಿನ ಬಲವನ್ನು ಅಲ್ಲಗಳೆಯಲಾಗದು. ಆದರೆ ಆ ಬಿಲ್ಲು ಫಲ ಕೊಟ್ಟದ್ದು ಅದನ್ನು ಹಿಡಿದವರು ನಿಂತಲ್ಲಿ ನಿಂತದ್ದರಿಂದ. ಕ್ರೆಸಿಯಲ್ಲಿ ಇಂಗ್ಲಿಷ್ ರಾವುತರು ಕುದುರೆಯಿಂದ ಇಳಿದು ಕಾಲಾಳುಗಳಾಗಿ ಕಾದಿದರು. ಅಜಿನ್‌ಕೋರ್‌ನಲ್ಲಿ ಬಿಲ್ಗಾರರು ತಮ್ಮ ಮುಂದೆ ಚೂಪಾದ ಗೂಟಗಳನ್ನು ನೆಟ್ಟುಕೊಂಡರು. ಅತ್ತ ಕ್ರೆಸಿಯ ಫ್ರೆಂಚರಾದರೋ ಹಿಮ್ಮೆಟ್ಟುತ್ತಿದ್ದ ತಮ್ಮದೇ ಜಿನೋವಾ ಬಿಲ್ಗಾರರನ್ನು ತುಳಿದುಕೊಂಡು ನುಗ್ಗಿದರು. ಆಟ ಇವೆರಡನ್ನೂ ಬಲ್ಲದು: ಉದ್ದಬಿಲ್ಲಿನವರು ಕದನಕ್ಕೆ ಮುಂಚೆ ಗೂಟ ನೆಡಬಹುದು, ಕೆಲವು ರಾವುತ ತುಕಡಿಗಳು ಆಜ್ಞೆಗೆ ಕಾಯದೆ ಮುನ್ನುಗ್ಗಿಬಿಡುವ ಸ್ವಭಾವದವು. ಅಂಜಿಕೆಯಷ್ಟೇ ಹುಂಬತನವೂ ಕೈಮೀರಿದ ಮನಸ್ಸೇ. ತುಕಡಿಯ ಒಡೆಯನಿಗೆ ಎರಡನ್ನೂ ಹಿಡಿತದಲ್ಲಿಡುವುದೇ ಕೆಲಸ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆಟಗಾರ ಹದ್ದಿನಂತೆ ಮೇಲಿನಿಂದ ಇಡೀ ರಣರಂಗವನ್ನು ನೋಡುತ್ತಾನೆ, ಬೇಕೆಂದಾಗ ಕಾಲವನ್ನು ನಿಲ್ಲಿಸಿ ಆಜ್ಞೆ ಕೊಡುತ್ತಾನೆ, ಯಾವ ತುಕಡಿ ಅಲುಗುತ್ತಿದೆಯೆಂದು ತೆರೆಯೇ ತಿಳಿಸುತ್ತದೆ. ಧೂಳಿನ ನಡುವೆ ಕುದುರೆಯ ಮೇಲೆ ಕುಳಿತ ಯಾವ ದಂಡನಾಯಕನಿಗೆ ಈ ಭಾಗ್ಯವಿತ್ತು? ಇದನ್ನು ಒಪ್ಪಲೇಬೇಕು. ನಿಜವಾದ ಸೈನ್ಯಗಳು ಈ ಕುರುಡುತನಕ್ಕೆ ಕಂಡುಕೊಂಡ ಮದ್ದು ನಡುಹಂತದ ನಾಯಕರು. ಮಂಗೋಲರು ಸೈನ್ಯವನ್ನು 10, 100, 1,000, 10,000 ಜನರ ಘಟಕಗಳಾಗಿ ಕಟ್ಟಿ, ಪ್ರತಿಯೊಂದಕ್ಕೂ ಒಬ್ಬ ಒಡೆಯನನ್ನಿಟ್ಟರು. ಆಜ್ಞೆ ಆ ಮೆಟ್ಟಿಲುಗಳನ್ನು ಇಳಿದು ಬರುತ್ತಿತ್ತು, ಹತ್ತು ಜನರ ನಾಯಕನಿಗೆ ತನ್ನವರ ಮುಖಗಳು ಗೊತ್ತಿದ್ದವು. ಆಟದಲ್ಲಿ ಈ ಮೆಟ್ಟಿಲುಗಳಿಲ್ಲ. ದೊರೆ, ದಂಡನಾಯಕ, ನೂರಾಳಿನ ಮುಖ್ಯಸ್ಥ ಎಲ್ಲವೂ ಆಟಗಾರನೊಬ್ಬನೇ. ಹಾಗಾಗಿ ತುಕಡಿ ಎಂದರೇನು ಎಂಬುದನ್ನು ಈ ಆಟ ಸರಿಯಾಗಿ ಹೇಳುತ್ತದೆ. ಅದನ್ನು ಆಳುವುದು ಎಷ್ಟು ಕಷ್ಟವಿತ್ತು ಎಂಬುದನ್ನು ತುಂಬಾ ಕಡಿಮೆ ಮಾಡಿ ಹೇಳುತ್ತದೆ. ಈ ಕೊರತೆ ನನ್ನ ವಾದವನ್ನು ಕೆಡವುವುದಿಲ್ಲ. ಇಷ್ಟೆಲ್ಲ ಅನುಕೂಲವಿರುವ ಆಟಗಾರನ ಕೈಯಲ್ಲೇ ತುಕಡಿ ಜಾರುವುದಾದರೆ, ಅದಾವುದೂ ಇಲ್ಲದವರ ಪಾಡು ಊಹಿಸಬಹುದು.

ಕದನದಾಚೆಗೂ ಆಟ ಈ ತತ್ತ್ವವನ್ನು ಬಿಟ್ಟಿಲ್ಲ. ಪ್ರತಿ ಸುತ್ತಿನಲ್ಲೂ ತುಕಡಿಗಳಿಗೆ ವೆಚ್ಚ ತೆರಬೇಕು. ನಿಷ್ಠೆ ಕುಸಿದ ದಂಡನಾಯಕ ಸೈನ್ಯಸಮೇತ ಬಂಡೇಳಬಹುದು. ಧರ್ಮಯುದ್ಧಕ್ಕೆ ಹೊರಟ ಸೈನ್ಯ ಗುರಿಯತ್ತ ಸಾಗದೆ ಕಾಲಹರಣ ಮಾಡಿದರೆ ಜನ ಬಿಟ್ಟುಹೋಗುತ್ತಾರೆ. ಯುದ್ಧವನ್ನು ಮನರಂಜನೆಯಾಗಿಸುವ ಈ ಆಟಗಳು ಹಿಂಸೆಯನ್ನು ಹಗುರ ಮಾಡುತ್ತವೆ ಎಂಬ ಕಳವಳ ಸಹಜವಾದದ್ದೇ. ಆದರೆ ಹೆಚ್ಚು ಹಗುರ ಮಾಡುವುದು ಹೆದರದ ಸೈನಿಕನ ಆಟ. ಅಲ್ಲಿ ಆಳೆಂದರೆ ಸವೆಯುವ ಸಾಮಗ್ರಿ. ಪಲಾಯನ ಮಾಡಬಲ್ಲ ಸೈನಿಕನನ್ನು ಮುಂದಿಟ್ಟ ಆಟ, ಅವನಿಗೆ ಬದುಕುವ ಆಸೆಯಿದೆ ಎಂಬುದನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆಳುವವನಿಗೂ ಆ ಲೆಕ್ಕ ಕಲಿಸುತ್ತದೆ. ಚರಿತ್ರೆಯ ಪಾಠಗಳಲ್ಲಿ ದೊರೆಗಳ ಹೆಸರು, ಇಸವಿ, ಸೈನ್ಯದ ಸಂಖ್ಯೆಗಳನ್ನು ಓದಿಕೊಂಡ ನಮಗೆ ಸಾಮಾನ್ಯವಾಗಿ ಸಿಗದೇಹೋಗುವುದು ಇದೇ: ಆ ಸಂಖ್ಯೆಯ ಪ್ರತಿ ಅಂಕಿಯೂ ನಿಲ್ಲಲೋ ಓಡಲೋ ಎಂದು ತನ್ನಷ್ಟಕ್ಕೆ ತೀರ್ಮಾನಿಸುತ್ತಿತ್ತು, ಸಾಮ್ರಾಜ್ಯಗಳ ಹಣೆಬರಹ ಆ ತೀರ್ಮಾನಗಳ ಮೊತ್ತವಾಗಿತ್ತು.