ಬೀದಿಯನ್ನು ಎಷ್ಟು ಸಾರಿ ಅಗೆಯಬೇಕು?

ಬೀದಿಗೆ ಡಾಂಬರು ಬಿದ್ದು ತಿಂಗಳು ತುಂಬಿರುವುದಿಲ್ಲ. ಒಂದು ಬೆಳಿಗ್ಗೆ ಅಗೆತದ ಸದ್ದು ಕೇಳುತ್ತದೆ. ನೀರಿನವರು ಅಗೆದು ಮುಚ್ಚಿ ಹೋದರೆ ವಿದ್ಯುತ್ತಿನವರು ಬರುತ್ತಾರೆ. ಅವರ ಬೆನ್ನಿಗೇ ದೂರವಾಣಿಯವರು. ಬಸ್ಸು ಸುತ್ತು ದಾರಿ ಹಿಡಿಯುತ್ತದೆ. ರೋಗಿಯನ್ನು ಹೊತ್ತ ಆಂಬುಲೆನ್ಸು ವಾಹನಗಳ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ‘ಇವರಿಗೆ ಬೇರೆ ಕೆಲಸವಿಲ್ಲವೇ?’ ಎಂದು ಗೊಣಗದ ನಗರವಾಸಿಗಳು ವಿರಳ.

ಅಗೆಯುವುದೇ ತಪ್ಪೆನ್ನಲಾಗದು. ಕೊಳವೆ ಸವೆಯುತ್ತದೆ, ತಂತಿ ಕೆಡುತ್ತದೆ, ಊರು ಬೆಳೆಯುತ್ತದೆ. ತೊಡಕು ಇರುವುದು ಬೇರೆಡೆ. ಬೀದಿ ಒಂದೇ ಆದರೂ ಅದರ ಅಡಿಯಲ್ಲಿರುವ ಸೊತ್ತಿಗೆ ಒಡೆಯರು ಹಲವರು. ಬೆಂಗಳೂರನ್ನೇ ನೋಡಿ: ನೀರು, ಒಳಚರಂಡಿಗಳು 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಗೆ ಸೇರಿದವು, ವಿದ್ಯುತ್ತು ಬೆಸ್ಕಾಂನದು, ದೂರವಾಣಿಗೆ ಹಲವು ಕಂಪನಿಗಳಿವೆ. ಪ್ರತಿಯೊಬ್ಬರಿಗೂ ಅವರವರದೇ ಹಣ, ಅವರವರದೇ ಗುತ್ತಿಗೆದಾರರು, ಅವರವರದೇ ಗಡುವು. ಒಬ್ಬರ ಕೆಲಸ ಮತ್ತೊಬ್ಬರಿಗೆ ತಿಳಿಯದಿದ್ದರೆ ಒಂದೇ ಜಾಗವನ್ನು ಮೂರು ಸಾರಿ ಅಗೆಯಬೇಕಾಗುತ್ತದೆ.

ಮುಚ್ಚುವುದರಲ್ಲೂ ಒಂದು ಕ್ರಮವುಂಟು. ಮಣ್ಣನ್ನು ಪದರಪದರವಾಗಿ ಹಾಕಿ, ಪ್ರತಿ ಪದರವನ್ನೂ ಗಟ್ಟಿಯಾಗಿ ಬಡಿಯಬೇಕು. ಒಮ್ಮೆಲೇ ಸುರಿದು ಮೇಲೆ ಡಾಂಬರು ಬಳಿದರೆ, ಮೊದಲ ಮಳೆಗೇ ಅದು ಕುಸಿದು ಗುಂಡಿಯಾಗುತ್ತದೆ. ಕತ್ತಲಲ್ಲಿ ಅದನ್ನು ಕಾಣದೆ ಬೀಳುವವರು ಸೈಕಲ್ಲು, ಸ್ಕೂಟರುಗಳ ಸವಾರರು.

ಇದಕ್ಕೆ ಪರಿಹಾರ ಮೂರು ಬಗೆಯದು. ಮೊದಲನೆಯದು ಸ್ಥಳದ್ದು. ಬೆಂಗಳೂರಿನ ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ ಮುಂತಾದವುಗಳನ್ನು 2010ರ ದಶಕದಲ್ಲಿ ‘ಟೆಂಡರ್‌ಶ್ಯೂರ್’ ಎಂಬ ಯೋಜನೆಯಂತೆ ಮರುನಿರ್ಮಿಸಿದರು. ತಂತಿ, ಕೊಳವೆಗಳಿಗೆ ಕಾಲುದಾರಿಯ ಕೆಳಗೆ ಪ್ರತ್ಯೇಕ ಹಾದಿಗಳನ್ನು ಕಟ್ಟಿ, ಅಲ್ಲಲ್ಲಿ ಮುಚ್ಚಳ ತೆರೆದು ಕೆಲಸ ಮಾಡುವಂತೆ ಏರ್ಪಡಿಸಿದರು. ಇದಕ್ಕೆ ಖರ್ಚು ಹೆಚ್ಚು, ಕಟ್ಟುವಾಗ ತೊಂದರೆಯೂ ಹೆಚ್ಚು. ಆದರೆ ಉದ್ದೇಶ ಒಂದೇ: ಮುಂದೆ ಬೀದಿಯ ಎದೆ ಬಗೆಯಬಾರದು.

ಎರಡನೆಯದು ಕಾಲದ್ದು. ಲಂಡನ್ ನಗರದಲ್ಲಿ 2012ರಿಂದ, ಬಹು ಸಂದಣಿಯ ರಸ್ತೆಗಳನ್ನು ಸಂದಣಿಯ ಹೊತ್ತಿನಲ್ಲಿ ಅಗೆಯುವವರು ದಿನಬಾಡಿಗೆ ತೆರಬೇಕು. ಅದು 2,500 ಪೌಂಡುಗಳವರೆಗೂ ಗೊತ್ತಾಗಿತ್ತು. ಸಂದಣಿಯಿಲ್ಲದ ವೇಳೆಯಲ್ಲಿ ಮಾಡಿದರೆ ಬಾಡಿಗೆಯಿಲ್ಲ. ಜನರ ಹೊತ್ತಿಗೂ ಬೆಲೆಯುಂಟೆಂದು ಅಲ್ಲಿ ಲೆಕ್ಕದಲ್ಲೇ ತೋರಿಸಿಕೊಟ್ಟರು.

ಮೂರನೆಯದು ತಿಳಿವಳಿಕೆಯದು. ಭಾರತ ಸರ್ಕಾರ 2023ರ ಮಾರ್ಚಿಯಲ್ಲಿ ಆರಂಭಿಸಿದ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ವ್ಯವಸ್ಥೆಯಲ್ಲಿ, ಅಗೆಯುವವರು ಮುಂಚಿತವಾಗಿ ತಿಳಿಸಿದರೆ, ಆ ನೆಲದಡಿ ತಂತಿ, ಕೊಳವೆಗಳಿರುವ ಸಂಸ್ಥೆಗಳಿಗೆ ಸುದ್ದಿ ಮುಟ್ಟುತ್ತದೆ. ಒಬ್ಬರ ಕೆಲಸದಿಂದ ಇನ್ನೊಬ್ಬರ ಕೊಳವೆ ಒಡೆದು, ಮತ್ತೆ ಅಗೆಯುವ ಪ್ರಸಂಗ ಹೀಗೆ ತಪ್ಪುತ್ತದೆ.

ನಾವೂ ಮಾಡಬಹುದಾದ ಕೆಲಸವೊಂದಿದೆ. ಎಷ್ಟೋ ಬೀದಿಗಳು ಕತ್ತರಿಸಲ್ಪಡುವುದು ಮನೆಯ ನಲ್ಲಿ, ಒಳಚರಂಡಿಗಳ ಸಂಪರ್ಕಕ್ಕಾಗಿ. ಬೀದಿಗೆ ಡಾಂಬರು ಬರಲಿದೆಯೆಂದು ತಿಳಿದ ಕೂಡಲೇ ನೆರೆಹೊರೆಯವರು ಕಲೆತು, ಬೇಕಾದ ಸಂಪರ್ಕಗಳಿಗೆಲ್ಲ ಮುಂಚೆಯೇ ಅರ್ಜಿ ಹಾಕಲಿ. ಡಾಂಬರು ಬಿದ್ದ ಮರುದಿನ ನೆನಪಾಗುವ ನಲ್ಲಿ ಇಡೀ ಬೀದಿಗೆ ದುಬಾರಿ.