ಹಳೆಯ ಹಸುವಿನ ಕಿವಿಯೋಲೆ ಹೊಸ ಹಸುವಿಗೆ ಸಲ್ಲದು



ಹಾಲಿನ ಕ್ಯಾನು ಹೊತ್ತು ಸವೆದ ಹಳೆಯ ಬೈಕನ್ನು ಗುಜರಿಗೆ ಹಾಕಿ ಹೊಸದನ್ನು ಕೊಂಡವರು, ಹಳೆಯದರ ನಂಬರು ಪ್ಲೇಟನ್ನು ಬಿಚ್ಚಿ ಹೊಸದಕ್ಕೆ ಕೂರಿಸಿ ಓಡಿಸಿದರೆ ಅದು ಅಪರಾಧವೆಂಬುದು ಎಲ್ಲರಿಗೂ ಗೊತ್ತು. ನಂಬರು ಬರಿಯ ತಗಡಿನ ಮೇಲಿನ ಬರಹವಲ್ಲ. ಆರ್.ಟಿ.ಒ. ದಾಖಲೆಯಲ್ಲಿ ಅದು ಒಂದೇ ಒಂದು ಗಾಡಿಯ ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಹಳೆಯ ಗಾಡಿಯ ನಂಬರನ್ನು ಹೊಸ ಗಾಡಿಗೆ ಉಳಿಸಿಕೊಳ್ಳುವ ಅವಕಾಶ ಕೆಲವು ರಾಜ್ಯಗಳಲ್ಲಿ ಉಂಟು. ಅದೂ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಕಚೇರಿಯ ಆದೇಶದಿಂದ ಆಗತಕ್ಕದ್ದು, ಸ್ಪ್ಯಾನರಿನಿಂದ ಆಗತಕ್ಕದ್ದಲ್ಲ.

ರಾಸುಗಳ ಕಿವಿಯೋಲೆಯೂ ಇಂಥದೇ ಒಂದು ನಂಬರು ಪ್ಲೇಟು. ಆದರೆ ಇದನ್ನು ಒಂದರಿಂದ ಬಿಡಿಸಿ ಇನ್ನೊಂದಕ್ಕೆ ಹಾಕುವ ಅವಕಾಶ ಯಾವ ಶುಲ್ಕ ಕಟ್ಟಿದರೂ ಇಲ್ಲ. ಹೀಗಿದ್ದರೂ ಸತ್ತ ಹಸುವಿನ ಓಲೆಯನ್ನು ಕತ್ತರಿಸಿ ಗೂಡಿನಲ್ಲಿಟ್ಟುಕೊಳ್ಳುವುದು, ಮುಂದೆ ತಂದ ಹಸುವಿಗೆ ಅದನ್ನೇ ಸಿಕ್ಕಿಸುವುದು ಅಲ್ಲಲ್ಲಿ ಕಂಡುಬರುತ್ತದೆ. ಇದರಿಂದಾಗುವ ನಷ್ಟವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಓಲೆಯಲ್ಲಿ ಏನಿದೆ?

ಹಳದಿ ಓಲೆಯ ಮೇಲೆ 12 ಅಂಕಿಗಳ ಒಂದು ಸಂಖ್ಯೆಯಿದೆ. ದೇಶದಲ್ಲಿ ಆ ಸಂಖ್ಯೆಯ ರಾಸು ಒಂದೇ. ಮಾಲೀಕರ ಹೆಸರು, ತಳಿ, ವಯಸ್ಸು, ಕೃತಕ ಗರ್ಭಧಾರಣೆಯ ದಿನಾಂಕ, ಬಳಸಿದ ಹೋರಿಯ ಸಂಖ್ಯೆ, ಗರ್ಭ ಪರೀಕ್ಷೆ, ಕರು ಹಾಕಿದ್ದು, ಹಾಕಿಸಿದ ಲಸಿಕೆಗಳು, ಇವೆಲ್ಲ ಆ ಸಂಖ್ಯೆಯ ಕೆಳಗೆ ಗಣಕಯಂತ್ರದಲ್ಲಿ ದಾಖಲಾಗುತ್ತವೆ. ಮೊದಲು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ 'ಇನಾಫ್' ವ್ಯವಸ್ಥೆಯಲ್ಲಿದ್ದ ಈ ದಾಖಲೆ ಈಗ 'ಭಾರತ್ ಪಶುಧನ್' ವ್ಯವಸ್ಥೆಯಲ್ಲಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಲಸಿಕೆಯ ಲೆಕ್ಕವೂ ಇದೇ ಸಂಖ್ಯೆಯ ಮೇಲೆ ನಡೆಯುತ್ತದೆ.

ಓಲೆ ಬದಲಾದರೆ ಒಂದು ರಾಸಿನ ಚರಿತ್ರೆ ಇನ್ನೊಂದರ ತಲೆಗೆ ಬರುತ್ತದೆ. ಇದರ ಪರಿಣಾಮ ಕೊಟ್ಟಿಗೆಯಲ್ಲಿ ಹೇಗಾಗುತ್ತದೆಂಬುದಕ್ಕೆ ಎರಡು ಉದಾಹರಣೆ ನೋಡಿ.

ಕಂದುರೋಗ, ಅಂದರೆ ಬ್ರುಸೆಲ್ಲೋಸಿಸ್ ತಡೆಯಲು 4ರಿಂದ 8 ತಿಂಗಳೊಳಗಿನ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಂದೇ ಬಾರಿ ಲಸಿಕೆ ಹಾಕುತ್ತೇವೆ. ಸತ್ತ ಹಸುವಿನ ಓಲೆ ಕರುವಿನ ಕಿವಿಗೆ ಬಂದರೆ, ದಾಖಲೆಯ ಪ್ರಕಾರ ಅದು ಕರುವೇ ಅಲ್ಲ. ಲಸಿಕೆಯ ಪಟ್ಟಿಯಲ್ಲಿ ಅದರ ಹೆಸರು ಬರುವುದಿಲ್ಲ, ವಯಸ್ಸು ಮೀರಿಹೋಗುತ್ತದೆ. ಈ ರೋಗ ತಗುಲಿದ ಹಸು ಸಾಮಾನ್ಯವಾಗಿ ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತದೆ. ಹಸಿ ಹಾಲಿನಿಂದಲೂ, ಸತ್ತೆ ಮುಟ್ಟುವುದರಿಂದಲೂ ರೋಗ ಮನೆಯವರಿಗೆ ಹರಡುತ್ತದೆ.

ಇನ್ನೊಂದು ಗರ್ಭಧಾರಣೆಯ ವಿಷಯ. ಪಡ್ಡೆಗೆ ಅದರ ತಂದೆ ಹೋರಿಯ ವೀರ್ಯವನ್ನೇ ಬಳಸಬಾರದು. ಬಳಸಿದರೆ ಒಳಸಂತಾನದಿಂದ ಕರುಗಳು ಬಡವಾಗುತ್ತವೆ, ಹಾಲಿನ ಇಳುವರಿ ಇಳಿಯುತ್ತದೆ. ತಂದೆ ಯಾರೆಂದು ಹೇಳುವುದು ಓಲೆಯ ಸಂಖ್ಯೆಯೇ. ಅದು ತಪ್ಪಾಗಿದ್ದರೆ ಕೃತಕ ಗರ್ಭಧಾರಣಾ ಕಾರ್ಯಕರ್ತರು ಎಷ್ಟೇ ಎಚ್ಚರ ವಹಿಸಿದರೂ ಪ್ರಯೋಜನವಿಲ್ಲ.

ವಿಮೆಯ ಹಣ

ಓಲೆ ಬದಲಿಸುವ ಯೋಚನೆ ಹೆಚ್ಚಾಗಿ ಬರುವುದು ವಿಮೆಯ ಕಾರಣದಿಂದ. ವಿಮೆ ಇರುವ ಹಸುವನ್ನು ಮಾರಿ ಹೊಸದನ್ನು ತಂದವರು 'ಪಾಲಿಸಿ ಇನ್ನೂ ಎಂಟು ತಿಂಗಳಿದೆ, ಓಲೆ ಇದಕ್ಕೆ ಹಾಕಿದರಾಯಿತು' ಎನ್ನುತ್ತಾರೆ. ವಿಮೆ ಇಲ್ಲದ ಹಸು ಸತ್ತಾಗ, ವಿಮೆಯಿರುವ ಹಸುವಿನ ಓಲೆ ಕಿತ್ತು ಸತ್ತದ್ದಕ್ಕೆ ಹಾಕಿ ಎಂದು ಸಲಹೆ ಕೊಡುವವರೂ ಇದ್ದಾರೆ.

ಇದು ನಿಲ್ಲುವುದಿಲ್ಲ. ವಿಮೆ ಮಾಡಿಸುವಾಗ ಓಲೆಯ ಸಂಖ್ಯೆಯ ಜೊತೆಗೆ ಬಣ್ಣ, ಕೊಂಬಿನ ಆಕಾರ, ಬಾಲದ ಕುಚ್ಚು, ಮೈಮೇಲಿನ ಮಚ್ಚೆ, ವಯಸ್ಸು ಎಲ್ಲವನ್ನೂ ಬರೆದು ಫೋಟೋ ತೆಗೆದಿರುತ್ತಾರೆ. ಮರಣೋತ್ತರ ಪರೀಕ್ಷೆಯಲ್ಲಿ ಹಲ್ಲು ನೋಡಿದರೆ ವಯಸ್ಸಿನ ಅಂದಾಜು ಸಿಗುತ್ತದೆ. ಓಲೆಯ ಮೊನೆ ಒಮ್ಮೆ ಒಳಹೊಕ್ಕರೆ ಸಿಕ್ಕಿಕೊಂಡು ಬಿಡುತ್ತದೆ, ಕತ್ತರಿಸದೆ ಬರುವುದಿಲ್ಲ. ಕತ್ತರಿಸಿ ಮತ್ತೆ ಜೋಡಿಸಿದ್ದು ಕಣ್ಣಿಗೆ ಕಾಣುತ್ತದೆ. ಸತ್ತ ಮೇಲೆ ಕಿವಿಯಲ್ಲಿ ಮಾಡಿದ ತೂತಿನಲ್ಲಿ ರಕ್ತ ಒಸರುವುದಿಲ್ಲ, ಗಾಯ ಮಾಗಿದ ಗುರುತೂ ಇರುವುದಿಲ್ಲ. ಇದನ್ನು ಪತ್ತೆ ಮಾಡುವುದು ಪಶುವೈದ್ಯರಿಗೆ ಕಷ್ಟದ ಕೆಲಸವಲ್ಲ.

ಸಿಕ್ಕಿಬಿದ್ದರೆ ಪರಿಹಾರ ಹೋಗುವುದಷ್ಟೇ ಅಲ್ಲ, ವಂಚನೆಯ ಮೊಕದ್ದಮೆಯೂ ಆಗಬಹುದು. ಓಲೆ ಕಳೆದುಕೊಂಡು ಬದುಕಿರುವ ಹಸುವಿನ ವಿಮೆಯೂ ಕೆಡುತ್ತದೆ. ಸಾಲ ಮಾಡಿ ತಂದ ಹಸುವಾದರೆ ಬ್ಯಾಂಕಿನ ಕಂತು ಮಾತ್ರ ಉಳಿಯುತ್ತದೆ. ಪ್ರಾಮಾಣಿಕ ಸದಸ್ಯರ ಅರ್ಜಿಗಳನ್ನೂ ಮುಂದೆ ಅನುಮಾನದಿಂದ ನೋಡುವಂತಾಗುತ್ತದೆ.

ಹಾಗಾದರೆ ಏನು ಮಾಡಬೇಕು?

1. ಓಲೆ ಬಿದ್ದುಹೋದರೆ: ಮೇವಿನ ಗೂಟಕ್ಕೋ ಬೇಲಿಗೋ ಸಿಕ್ಕಿ ಓಲೆ ಹರಿಯುವುದುಂಟು. ಅಂದೇ ಸಂಘದ ಕಾರ್ಯದರ್ಶಿಯವರಿಗೂ ಪಶುವೈದ್ಯರಿಗೂ ತಿಳಿಸಿ. ಹೊಸ ಓಲೆ ಹಾಕಿ, ಹಳೆಯ ಸಂಖ್ಯೆಯ ಜಾಗದಲ್ಲಿ ಹೊಸ ಸಂಖ್ಯೆಯನ್ನು ದಾಖಲೆಗೆ ಸೇರಿಸುತ್ತಾರೆ. ಹಸುವಿನ ಹಿಂದಿನ ಚರಿತ್ರೆ ಹಾಗೆಯೇ ಉಳಿಯುತ್ತದೆ. ವಿಮೆಯಿದ್ದರೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಹೊಸ ಓಲೆಯೊಂದಿಗೆ ಫೋಟೋ ಕೊಟ್ಟು, ಪಾಲಿಸಿಯಲ್ಲಿ ಸಂಖ್ಯೆ ತಿದ್ದಿಸಿಕೊಳ್ಳಿ. ಓಲೆ ಇಲ್ಲದಿದ್ದರೆ ಪರಿಹಾರವಿಲ್ಲವೆಂಬ ಷರತ್ತು ಪಾಲಿಸಿಗಳಲ್ಲಿ ಸಾಮಾನ್ಯ.

2. ಹಸುವನ್ನು ಮಾರಿದರೆ: ಓಲೆ ಹಸುವಿನ ಜೊತೆಗೇ ಹೋಗಬೇಕು. ಕೊಂಡವರ ಹೆಸರಿಗೆ ದಾಖಲೆ ವರ್ಗಾಯಿಸಿ. ಸರ್ಕಾರದ ಸಹಾಯಧನದ ವಿಮೆಯಲ್ಲಿ ಪಾಲಿಸಿಯ ಉಳಿದ ಅವಧಿಯನ್ನು ಹೊಸ ಮಾಲೀಕರಿಗೆ ವರ್ಗಾಯಿಸಲು ಅವಕಾಶವಿದೆ. ಅದನ್ನು ಬೆಲೆ ಮಾತನಾಡುವಾಗಲೇ ಹೇಳಿ. ವಿಮೆ ಇರುವ ಹಸುವಿಗೆ ನಾಲ್ಕು ಕಾಸು ಹೆಚ್ಚೇ ಸಿಗುತ್ತದೆ.

3. ಹಸುವನ್ನು ಕೊಂಡರೆ: ಓಲೆಯ ಸಂಖ್ಯೆಯನ್ನು ಪಶುವೈದ್ಯರಿಗೆ ಕೊಟ್ಟು ದಾಖಲೆ ನೋಡಿಸಿ. ಸೂಲು, ವಯಸ್ಸು, ಲಸಿಕೆ ಮಾರಾಟಗಾರರ ಮಾತಿಗೆ ಹೊಂದುತ್ತದೆಯೇ ಎಂದು ತಿಳಿಯುತ್ತದೆ. ಹೊಂದದಿದ್ದರೆ ಹಣ ಕೊಡುವ ಮುನ್ನ ಯೋಚಿಸಿ.

4. ಹಸು ಸತ್ತರೆ: ಓಲೆಯನ್ನು ಮುಟ್ಟಬೇಡಿ. ವಿಮಾ ಕಂಪನಿಗೂ ಪಶುವೈದ್ಯರಿಗೂ ತಕ್ಷಣ ಸುದ್ದಿ ಮುಟ್ಟಿಸಿ, ಓಲೆ ಕಾಣುವಂತೆ ಫೋಟೋ ತೆಗೆಯಿಸಿ, ಮರಣೋತ್ತರ ಪರೀಕ್ಷೆಯಾಗುವವರೆಗೆ ಹೂಳಬೇಡಿ. ಓಲೆ ತೆಗೆಯುವುದಿದ್ದರೆ ವೈದ್ಯರೇ ತೆಗೆದು ಕೊಡುತ್ತಾರೆ. ವಿಮೆ ಇಲ್ಲದಿದ್ದರೂ ಸಾವನ್ನು ದಾಖಲೆಯಲ್ಲಿ ಬರೆಸಿ, ಓಲೆಯನ್ನು ತುಂಡು ಮಾಡಿ ನಾಶಪಡಿಸಿ.

ಕಿವಿಯ ಆರೈಕೆ

ಓಲೆ ಬೀಳುವುದಕ್ಕೆ ಹುಣ್ಣೂ ಒಂದು ಕಾರಣ. ಹಾಕಿಸಿದ ಮೇಲೆ ಒಂದು ವಾರ ದಿನವೂ ಕಿವಿ ನೋಡಿ. ಊತ, ಕೀವು ಕಂಡರೆ ಪೊಟ್ಯಾಶಿಯಂ ಪರ್ಮಾಂಗನೇಟಿನ ತೆಳು ನೀರಿನಿಂದ ತೊಳೆದು ಮುಲಾಮು ಹಚ್ಚಿ. ನೊಣ ಕೂರದಂತೆ ಸುತ್ತ ಬೇವಿನೆಣ್ಣೆ ಸವರಿ. ಹುಳು ಬಿದ್ದರೆ ತಡಮಾಡದೆ ಚಿಕಿತ್ಸೆ ಕೊಡಿಸಿ. ಓಲೆಗೆ ಹಗ್ಗ ಕಟ್ಟುವುದು, ಮಕ್ಕಳು ಹಿಡಿದೆಳೆಯುವುದು ಬೇಡ.

ಇಂದೇ ಒಂದು ಕೆಲಸ ಮಾಡಿ. ಹಾಲಿನ ಪಾಸ್ ಪುಸ್ತಕದ ಹಿಂಬದಿಯಲ್ಲಿ ನಿಮ್ಮ ಪ್ರತಿ ರಾಸಿನ ಹೆಸರು, ಅದರ 12 ಅಂಕಿಯ ಸಂಖ್ಯೆ ಬರೆದಿಡಿ. ವಿಮೆಯಿದ್ದರೆ ಪಾಲಿಸಿಯಲ್ಲಿರುವ ಸಂಖ್ಯೆಯನ್ನೂ ಕಿವಿಯಲ್ಲಿರುವ ಸಂಖ್ಯೆಯನ್ನೂ ಒಂದೊಂದಾಗಿ ತಾಳೆ ನೋಡಿ. ಒಂದು ಅಂಕಿ ಹೆಚ್ಚುಕಡಿಮೆಯಿದ್ದರೂ ಹಸು ಚೆನ್ನಾಗಿರುವಾಗಲೇ ಸರಿಪಡಿಸಿಕೊಳ್ಳಿ. ಸತ್ತ ಮೇಲೆ ತಿದ್ದುವುದಕ್ಕೆ ಬರುವುದಿಲ್ಲ.