ಕೇಳಿದವರು ಬರೆದ ಮುಖ

2012ರ ಜೂನ್‌ನಲ್ಲಿ ಅಮೆರಿಕದಲ್ಲಿ ‘ವೆಲ್‌ಕಮ್ ಟು ನೈಟ್ ವೇಲ್’ ಎಂಬ ಪಾಡ್‌ಕಾಸ್ಟ್ ಶುರುವಾಯಿತು. ಬರೆದವರು ಜೋಸೆಫ್ ಫಿಂಕ್ ಮತ್ತು ಜೆಫ್ರಿ ಕ್ರೇನರ್, ದನಿ ಸೆಸಿಲ್ ಬಾಲ್ಡ್‌ವಿನ್ ಅವರದು. ಮರುಭೂಮಿಯಲ್ಲೊಂದು ಕಾಲ್ಪನಿಕ ಊರು, ಆ ಊರಿಗೊಂದು ರೇಡಿಯೊ, ನಡುಕ ಹುಟ್ಟಿಸುವ ಸುದ್ದಿಯನ್ನೂ ಹವಾಮಾನ ವರದಿಯಷ್ಟೇ ಶಾಂತವಾಗಿ ಓದುವ ನಿರೂಪಕ. ಹಿಂದೆ ದೊಡ್ಡ ಕಂಪನಿಯಿಲ್ಲ, ಪ್ರಚಾರಕ್ಕೆ ದುಡ್ಡಿಲ್ಲ. ಆದರೂ 2013ರ ಜುಲೈ ಹೊತ್ತಿಗೆ ಅದು ಐಟ್ಯೂನ್ಸ್ ಪಟ್ಟಿಯ ಮೊದಲ ಸ್ಥಾನಕ್ಕೇರಿ, ‘ದಿಸ್ ಅಮೆರಿಕನ್ ಲೈಫ್’ನಂಥ ಹೆಸರಾಂತ ಕಾರ್ಯಕ್ರಮವನ್ನು ಹಿಂದಿಕ್ಕಿತು. ಅದನ್ನು ಅಲ್ಲಿಗೇರಿಸಿದ್ದರಲ್ಲಿ ಟಂಬ್ಲರ್ ಜಾಲತಾಣದಲ್ಲಿ ಚಿತ್ರ ಬರೆದು ಹಂಚುತ್ತಿದ್ದ ಕೇಳುಗರ ಪಾಲು ದೊಡ್ಡದು.

ಅವರು ಬರೆದದ್ದೇನನ್ನು? ನಿರೂಪಕ ಹೇಗಿದ್ದಾನೆಂದು ಬರಹಗಾರರು ಬೇಕೆಂದೇ ಹೇಳಿರಲಿಲ್ಲ. ಕೇಳುಗರು ಅವನ ಹಣೆಗೆ ಮೂರನೇ ಕಣ್ಣಿಟ್ಟರು, ತೋಳ ತುಂಬ ಹಚ್ಚೆ ಹಾಕಿದರು. ಇದ್ಯಾವುದೂ ಬರಹಗಾರರು ಕೊಟ್ಟದ್ದಲ್ಲ. ಎಲ್ಲವನ್ನೂ ನೋಡಬಲ್ಲ, ಯಾವುದಕ್ಕೂ ಬೆಚ್ಚದ ಆ ದನಿಯನ್ನು ಕೇಳುತ್ತ ಕೇಳುತ್ತ ಕೈಗೆ ಬಂದದ್ದು. ನನಗೆ ಕೇಳುಗರ ಈ ಚಿತ್ರಕಲೆಯ ಬಗ್ಗೆ ಇರುವ ಗೌರವವೆಲ್ಲ ಇಲ್ಲಿಂದಲೇ ಹುಟ್ಟಿದ್ದು. ಕೇಳುಗರು ಬರೆದ ಚಿತ್ರದಲ್ಲಿ ಕಿವಿ ಮೊದಲು ದುಡಿದಿರುತ್ತದೆ, ಕೈ ಆಮೇಲೆ.

ಸ್ವತಂತ್ರ ಪಾಡ್‌ಕಾಸ್ಟ್ ನಡೆಸುವವರ ಬಳಿ ಸಾಮಾನ್ಯವಾಗಿ ಒಂದು ಮೈಕು, ಒಂದು ಲ್ಯಾಪ್‌ಟಾಪು, ಹೊದಿಕೆ ನೇತುಹಾಕಿ ಪ್ರತಿಧ್ವನಿ ತಗ್ಗಿಸಿಕೊಂಡ ಒಂದು ಕೋಣೆ ಇರುತ್ತವೆ. ಆ್ಯಪಿನ ಪಟ್ಟಿಯಲ್ಲಿ ಕಾರ್ಯಕ್ರಮದ ಗುರುತಾಗಿ ಕಾಣುವ ಕವರ್ ಚಿತ್ರಕ್ಕೆಂದು ಎತ್ತಿಟ್ಟ ಹಣ ಇರುವುದಿಲ್ಲ. ಯಾರಿಗೋ ನಾಲ್ಕು ಸಾಲಿನ ವಿವರಣೆ ಕಳಿಸಿ ಚಿತ್ರ ಮಾಡಿಸಿದರೆ ಬರುವುದು ಮೈಕು, ಹೆಡ್‌ಫೋನು, ಇಲ್ಲವೇ ದನಿಯ ಅಲೆಗಳ ಗೆರೆ. ಯಾವುದೇ ಆ್ಯಪಿನ ಪಟ್ಟಿಯನ್ನು ಸರಿಸುತ್ತ ಹೋಗಿ, ಈ ಮೂರೂ ಸಾಲುಸಾಲಾಗಿ ಸಿಗುತ್ತವೆ. ಇವು ಕಾರ್ಯಕ್ರಮದ ಚಿತ್ರಗಳಲ್ಲ, ಕಾರ್ಯಕ್ರಮ ಮಾಡುವ ಸಲಕರಣೆಯ ಚಿತ್ರಗಳು. ನಲವತ್ತು ಕಂತು ಕೇಳಿದವರು ಮೈಕು ಬರೆಯುವುದಿಲ್ಲ. ಮಾತಿನ ನಡುವೆ ಯಾವ ಕಿಟಕಿಯಿಂದ ರೈಲಿನ ಸದ್ದು ಬರುತ್ತದೆ, ಇಬ್ಬರಲ್ಲಿ ಯಾರು ಮಾತು ಮುಗಿಸುತ್ತಾರೆ, ಯಾರು ಅರ್ಧಕ್ಕೇ ಬಿಟ್ಟು ಬೇರೆ ಕಡೆ ಹೊರಳುತ್ತಾರೆ, ಯಾವ ಊರಿನ ಹೆಸರು ಮತ್ತೆ ಮತ್ತೆ ಬರುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಅವರಲ್ಲಿ ಒಳ್ಳೆಯ ಕಲಾವಿದರು ಮೊದಲು ಇದನ್ನೆಲ್ಲ ಪಟ್ಟಿ ಮಾಡಿಕೊಳ್ಳುತ್ತಾರೆ. ಆಮೇಲೆ ಒಂದೊಂದನ್ನೇ ಹೊಡೆದುಹಾಕುತ್ತಾರೆ.

ಹೊಡೆದುಹಾಕುವುದೇ ಕಷ್ಟದ ಭಾಗ. ಅಭಿಮಾನದಿಂದ ಬರೆದು ಗೆಳೆಯರ ನಡುವೆ ಹಂಚುವ ಚಿತ್ರಕ್ಕೂ ಕವರ್ ಚಿತ್ರಕ್ಕೂ ಇರುವ ಅಂತರ ಇಲ್ಲೇ ಕಾಣುವುದು. ಮೊದಲನೆಯದನ್ನು ನೋಡುವವರು ಆಗಲೇ ಕೇಳಿದವರು. ಕವರನ್ನು ನೋಡುವವರು ಇನ್ನೂ ಕೇಳದವರು. ಹದಿನೇಳನೇ ಕಂತಿನ ತಮಾಷೆಯನ್ನು ಚಿತ್ರವಾಗಿಸಿದರೆ ಹಳಬರು ಕುಣಿದಾಡುತ್ತಾರೆ, ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ಒಳಗಿನವರಿಗೆ ‘ಹೌದಲ್ಲ’ ಅನ್ನಿಸಬೇಕು, ಹೊರಗಿನವರಿಗೆ ‘ಏನಿದು’ ಅನ್ನಿಸಬೇಕು. ಎರಡನ್ನೂ ಒಂದೇ ಚಿತ್ರ ಮಾಡಬೇಕು. ನೈಟ್ ವೇಲ್‌ಗೆ ರಾಬ್ ವಿಲ್ಸನ್ ಮಾಡಿದ ಅಧಿಕೃತ ಲಾಂಛನ ಈ ಎರಡೂ ಕೆಲಸವನ್ನು ಚೆನ್ನಾಗಿ ಮಾಡುತ್ತದೆ: ನೇರಳೆ ಹಿನ್ನೆಲೆ, ಒಂದು ಕಣ್ಣು, ಕಣ್ಣೊಳಗೆ ಚಂದ್ರ. ಕಥೆ ಗೊತ್ತಿಲ್ಲದವರಿಗೂ ಯಾರೋ ತಮ್ಮನ್ನು ಗಮನಿಸುತ್ತಿದ್ದಾರೆ ಅನ್ನಿಸಿಬಿಡುತ್ತದೆ. ಅದರಲ್ಲಿ ಮನುಷ್ಯನ ಮುಖವಿಲ್ಲ ಎಂಬುದನ್ನು ಗಮನಿಸಬೇಕು.

ಮುಖ ಬರೆದರೆ ಏನಾಗುತ್ತದೆ ಎಂಬುದಕ್ಕೆ ‘ದಿ ಅಡ್ವೆಂಚರ್ ಝೋನ್’ ಪಾಡ್‌ಕಾಸ್ಟ್ ಉದಾಹರಣೆ. ಮ್ಯಾಕೆಲ್‌ರಾಯ್ ಮನೆತನದ ಮೂವರು ಅಣ್ಣತಮ್ಮಂದಿರು ಮತ್ತು ಅವರ ತಂದೆ ಸೇರಿ 2014ರಲ್ಲಿ ಶುರುಮಾಡಿದ್ದು. ಪಾತ್ರ ವಹಿಸಿ ಆಡುವ ಆಟವನ್ನು ಧ್ವನಿಮುದ್ರಿಸುತ್ತ ಕಥೆ ಕಟ್ಟುತ್ತಾರೆ. ಅದರ ಮೊದಲ ಚಿತ್ರಕಾದಂಬರಿ 2018ರಲ್ಲಿ ಬಂತು. ಚಿತ್ರ ಬರೆದ ಕೇರಿ ಪೀಚ್ ಮೊದಲು ಆ ಪಾಡ್‌ಕಾಸ್ಟಿನ ಕೇಳುಗರು, ತಮ್ಮ ಪಾಡಿಗೆ ತಾವು ಅದರ ಪಾತ್ರಗಳನ್ನು ಬರೆಯುತ್ತಿದ್ದವರು. ಒಬ್ಬ ಕೇಳುಗರ ಕೈ ಅಧಿಕೃತ ಕೈಯಾದದ್ದು ಸಂತೋಷದ ಸಂಗತಿಯೇ. ಆದರೆ ಪುಸ್ತಕದ ಮೊದಲ ಚಿತ್ರಗಳು ಹೊರಬಂದಾಗ ಟಾಕೋ ಎಂಬ ಪಾತ್ರದ ಮೈಬಣ್ಣದ ಬಗ್ಗೆ ಗಂಭೀರ ಚರ್ಚೆಯೆದ್ದಿತು. ಅಷ್ಟು ವರ್ಷ ಒಬ್ಬೊಬ್ಬರೂ ತಮ್ಮ ಮನಸ್ಸಿನಲ್ಲಿ ಒಂದೊಂದು ಟಾಕೋನನ್ನು ಕಂಡಿದ್ದರು; ಕಂದು ಮೈಯ ಟಾಕೋನನ್ನು ಪ್ರೀತಿಯಿಂದ ಬರೆದುಕೊಂಡವರು ಬಹಳ ಜನ. ಒಂದು ಮುಖ ಅಚ್ಚಾದ ಕೂಡಲೇ ಉಳಿದ ಮುಖಗಳಿಗೆ ಜಾಗ ಕಡಿಮೆಯಾಯಿತು. ಅವರ ಬೇಸರ ನ್ಯಾಯವಾದದ್ದು ಎಂದೇ ನನ್ನ ಭಾವನೆ. ಬರೀ ದನಿ ಕೊಟ್ಟವರು ಮುಖವನ್ನು ಕೇಳುಗರಿಗೇ ಬಿಟ್ಟುಕೊಟ್ಟಿರುತ್ತಾರೆ. ಅದನ್ನು ಹಿಂದಕ್ಕೆ ಪಡೆಯುವುದು ಸಲೀಸಲ್ಲ.

ಹಾಗಾಗಿ ನುರಿತ ಕೇಳುಗ ಕಲಾವಿದರು ಕವರಿಗೆ ಮುಖ ಬರೆಯುವುದನ್ನು ತಪ್ಪಿಸುತ್ತಾರೆ. ಟೊಪ್ಪಿ ಬರೆಯುತ್ತಾರೆ, ಬೆನ್ನು ಬರೆಯುತ್ತಾರೆ, ಎರಡು ಲೋಟ ಬರೆಯುತ್ತಾರೆ. ಬರೆದ ಲೋಟಗಳಲ್ಲಿ ಒಂದು ಖಾಲಿ, ಒಂದು ತುಂಬಿದ್ದು ಎಂದಾದರೆ ಯಾರು ಮಾತಾಡುತ್ತಲೇ ಇದ್ದರು, ಯಾರು ಕುಡಿಯುತ್ತ ಕೇಳುತ್ತಿದ್ದರು ಎಂಬುದು ಅಷ್ಟರಲ್ಲೇ ಬಂದುಹೋಯಿತು.

ಇನ್ನು ಚೌಕದ ವಿಷಯ. ಆ್ಯಪಲ್ ಪಾಡ್‌ಕಾಸ್ಟ್ಸ್ ಕೇಳುವುದು ಸಮಚೌಕ ಚಿತ್ರ: ಕನಿಷ್ಠ 1400, ಗರಿಷ್ಠ 3000 ಪಿಕ್ಸೆಲ್, ಜೆಪೆಗ್ ಅಥವಾ ಪಿಎನ್‌ಜಿ. ಮೂರು ಸಾವಿರ ಪಿಕ್ಸೆಲ್ ಎಂದರೆ ಹುಲ್ಲುಗರಿಯೊಂದೊಂದನ್ನೂ ತಿದ್ದಬಹುದಾದಷ್ಟು ದೊಡ್ಡ ಅಂಗಳ. ಕೇಳುಗರ ಕಣ್ಣಿಗೆ ಬೀಳುವುದು ಮಾತ್ರ ಮೊಬೈಲ್ ಪಟ್ಟಿಯಲ್ಲಿ ಹೆಬ್ಬೆರಳ ಉಗುರಿನಷ್ಟು. ಆದ್ದರಿಂದ ಬಲ್ಲವರು ದೊಡ್ಡ ಅಳತೆಯಲ್ಲಿ ಕೆಲಸ ಮಾಡುತ್ತ, ಪಕ್ಕದಲ್ಲೇ ಅದೇ ಚಿತ್ರದ ಪುಟ್ಟ ಪ್ರತಿಯೊಂದನ್ನು ತೆರೆದಿಟ್ಟುಕೊಳ್ಳುತ್ತಾರೆ. ದೊಡ್ಡದರಲ್ಲಿ ಗೆರೆ ಎಳೆದು ಚಿಕ್ಕದರಲ್ಲಿ ತೀರ್ಪು ಕೇಳುವುದು. ಚಿಕ್ಕದರಲ್ಲಿ ಕಾಣದ ಗೆರೆ ಎಷ್ಟೇ ಚೆಂದವಿದ್ದರೂ ಅಳಿಸಬೇಕು.

ಚೌಕದ ಮೂಲೆಗಳನ್ನು ಆ್ಯಪುಗಳು ದುಂಡಗೆ ಕತ್ತರಿಸುತ್ತವೆ, ಕೆಲವು ಕಡೆ ಮೂಲೆಯ ಮೇಲೆ ಗುರುತುಗಳು ಬಂದು ಕೂರುತ್ತವೆ. ಅಲ್ಲಿ ಮುಖ್ಯವಾದದ್ದೇನನ್ನೂ ಇಡುವಂತಿಲ್ಲ. ಕಪ್ಪು ಪರದೆ ಇಟ್ಟುಕೊಂಡವರ ಮೊಬೈಲಿನಲ್ಲಿ ಕಪ್ಪು ಅಂಚಿನ ಚಿತ್ರ ಕರಗಿಹೋಗುತ್ತದೆ, ಬಿಳಿ ಪರದೆಯವರಲ್ಲಿ ಬಿಳಿ ಅಂಚಿನದು. ಸ್ಪಾಟಿಫೈಯಂಥ ಆ್ಯಪು ಚಿತ್ರದ ಬಣ್ಣವನ್ನೇ ಹೆಕ್ಕಿ ಪುಟದ ಹಿನ್ನೆಲೆಗೂ ಬಳಿಯುತ್ತದೆ. ಅಂದರೆ ಕಲಾವಿದರು ಚೌಕಕ್ಕೆ ಮಾತ್ರವಲ್ಲ, ಅದರ ಸುತ್ತಲಿಗೂ ಬಣ್ಣ ಆರಿಸಿದಂತಾಯಿತು. ಎರಡು, ಹೆಚ್ಚೆಂದರೆ ಮೂರು ಬಣ್ಣದಲ್ಲಿ ಕೆಲಸ ಮುಗಿಸಿದ ಕವರುಗಳು ಅಷ್ಟು ಗಟ್ಟಿಯಾಗಿ ನಿಲ್ಲುವುದಕ್ಕೆ ಇದೊಂದು ಕಾರಣ.

ಈ ಚೌಕ ಗ್ರಾಮಫೋನ್ ತಟ್ಟೆಯ ಹೊದಿಕೆಯಿಂದ ಬಂದ ಆಸ್ತಿ. ಬ್ರೂಕ್ಲಿನ್‌ನಲ್ಲಿ ಹುಟ್ಟಿದ ವಿನ್ಯಾಸಕ ಅಲೆಕ್ಸ್ ಸ್ಟೈನ್‌ವೈಸ್ 1939ರಲ್ಲಿ ಕೊಲಂಬಿಯ ರೆಕಾರ್ಡ್ಸ್ ಸೇರಿದಾಗ ತಟ್ಟೆಗಳು ಮಂಕು ಬಣ್ಣದ ಕಾಗದದ ಹೊದಿಕೆಯಲ್ಲಿ ಮಾರಾಟವಾಗುತ್ತಿದ್ದವು. ಹೊದಿಕೆಯ ಮೇಲೆ ಚಿತ್ರ ಹಾಕೋಣವೆಂದು ಹೊರಟ ಅವರು ರಾಜರ್ಸ್ ಮತ್ತು ಹಾರ್ಟ್ ಜೋಡಿಯ ಹಾಡುಗಳ ಆಲ್ಬಮ್ಮಿಗೆ ನಾಟಕಶಾಲೆಯೊಂದರ ದೀಪದ ಫಲಕದಲ್ಲಿ ಶೀರ್ಷಿಕೆ ಮೂಡಿಸಿ ಅದರ ಫೋಟೊ ಬಳಸಿದರು. ಹಾಡುವವರ ಮುಖವಿಲ್ಲ, ವಾದ್ಯವಿಲ್ಲ. ಹಾಡು ಕೇಳುವ ಮುನ್ನ ನಾಟಕಶಾಲೆಯ ಹೊರಗೆ ನಿಂತವರಿಗೆ ಕಾಣುವ ಬೆಳಕು. ಕೇಳುಗನ ಜಾಗದಲ್ಲಿ ನಿಂತು ಮಾಡಿದ ಚಿತ್ರ ಅದು.

ಕನ್ನಡದಲ್ಲಿ ಸ್ವತಂತ್ರವಾಗಿ ಪಾಡ್‌ಕಾಸ್ಟ್ ಮಾಡುವವರಿಗೆ ಕವರ್ ಬರೆಯುವ ಕೇಳುಗರ ಎದುರು ಇನ್ನೂ ಒಂದು ಸವಾಲಿದೆ. ನಮ್ಮ ಲಿಪಿ ಅಡ್ಡಡ್ಡವಾಗಿ ಮಾತ್ರ ಬೆಳೆಯುವುದಿಲ್ಲ, ಕೆಳಕ್ಕೂ ಇಳಿಯುತ್ತದೆ. ಹೆಸರಿನಲ್ಲಿ ‘ಸ್ವಾತಂತ್ರ್ಯ’ ಎಂಬ ಪದವಿದೆ ಎಂದುಕೊಳ್ಳಿ. ‘ತ’ದ ಕೆಳಗೆ ಎರಡು ಒತ್ತುಗಳು ಕೂತಿವೆ. ಅದರಡಿಯ ಸಾಲಿನಲ್ಲಿ ‘ಕಥೆ’ ಎಂದು ಬರೆಯಹೋದರೆ ಆ ಒತ್ತುಗಳು ಬಂದು ‘ಥೆ’ಯ ತಲೆಗೆ ತಾಗುತ್ತವೆ. ಸಾಲುಗಳ ನಡುವೆ ಅಂತರ ಬಿಟ್ಟರೆ ಚೌಕದೊಳಗೆ ಅಕ್ಷರ ಚಿಕ್ಕದಾಗುತ್ತದೆ. ಚಿಕ್ಕದಾದರೆ ಮಹಾಪ್ರಾಣ ಹೋಯಿತು: ‘ದ’ಕ್ಕೂ ‘ಧ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಪುಟ್ಟ ಸೀಳು. ಉಗುರಿನಳತೆಯಲ್ಲಿ ಅದು ಮುಚ್ಚಿಹೋಗುತ್ತದೆ, ‘ಧನ’ ‘ದನ’ವಾಗುತ್ತದೆ. ‘ಷ’ದ ಹೊಟ್ಟೆಯ ಗೆರೆ ಮಸಿಯಾಗಿ ‘ಪ’ ಯಾವುದು ‘ಷ’ ಯಾವುದು ತಿಳಿಯದು. 2018ರಲ್ಲಿ ಶುರುವಾದ ‘ತಲೆ-ಹರಟೆ’ ಪಾಡ್‌ಕಾಸ್ಟಿನದು ಈ ದೃಷ್ಟಿಯಿಂದ ಭಾಗ್ಯದ ಹೆಸರು, ಒಂದೂ ಒತ್ತಿಲ್ಲ, ಒಂದೂ ಸೀಳಿಲ್ಲ.

ಇದಕ್ಕೆ ಕೇಳುಗ ಕಲಾವಿದರು ಕಂಡುಕೊಂಡ ದಾರಿಗಳನ್ನು ನೋಡುವುದೇ ಸೊಗಸು. ಕೆಲವರು ಇಡೀ ಹೆಸರನ್ನು ಬಿಟ್ಟು ಒಂದೇ ಅಕ್ಷರವನ್ನು ಚೌಕದ ತುಂಬ ಬರೆಯುತ್ತಾರೆ. ಪೂರ್ತಿ ಹೆಸರು ಹೇಗೂ ಪಟ್ಟಿಯಲ್ಲಿ ಚಿತ್ರದ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಕೆಲವರು ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಎರಡಕ್ಷರದ ಸಂದಿಯಲ್ಲಿ ಇಳಿಯುವಂತೆ ಪದಗಳನ್ನು ಆಚೀಚೆ ಸರಿಸುತ್ತಾರೆ, ಆಗ ಎರಡು ಸಾಲು ಒಂದಕ್ಕೊಂದು ಹೆಣೆದುಕೊಂಡು ಒಂದೇ ಆಕೃತಿಯಾಗುತ್ತದೆ. ಸೀಳನ್ನು ಬೇಕೆಂದೇ ಅಗಲವಾಗಿ, ಬೇರೆ ಬಣ್ಣದಲ್ಲಿ ಎಳೆಯುವವರಿದ್ದಾರೆ. ನಮ್ಮ ಸಿನಿಮಾ ಶೀರ್ಷಿಕೆ ಬರೆಯುವವರು, ಅಂಗಡಿಯ ಬೋರ್ಡು ಬರೆಯುವವರು ಒತ್ತಿನ ಬಾಲವನ್ನು ಪದದಡಿಯಲ್ಲಿ ಉದ್ದಕ್ಕೆಳೆದು ಅಡಿಗೆರೆಯನ್ನಾಗಿಸುವ ಜಾಣತನ ಮೊದಲಿನಿಂದ ಬಲ್ಲರು. ಅದೇ ಜಾಣತನ ಈ ಪುಟ್ಟ ಚೌಕದಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಕೈಬರಹ ಒಗ್ಗದವರಿಗೆ ಅನೇಕ್ ಕನ್ನಡ, ಬಾಲೂ ತಮ್ಮ, ಗುಬ್ಬಿಯಂಥ ಮುಕ್ತ ಫಾಂಟುಗಳಿವೆ. ಅನೇಕ್‌ನಲ್ಲಿ ಅಕ್ಷರದ ಅಗಲವನ್ನೇ ಹಿಗ್ಗಿಸಬಹುದು, ಕುಗ್ಗಿಸಬಹುದು. ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶ ದುಡ್ಡಿಲ್ಲದೆ ಸಿಗುತ್ತದೆ, ಒತ್ತಕ್ಷರವನ್ನು ಸರಿಯಾಗಿ ಜೋಡಿಸುತ್ತದೆ. ಫೋಟೊಶಾಪ್‌ನ ಹಳೆಯ ಆವೃತ್ತಿ ಬಳಸುವವರು ಅದರ ಅಕ್ಷರ ಜೋಡಣೆಯ ಆಯ್ಕೆಯನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದಿಸಿಕೊಳ್ಳದಿದ್ದರೆ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ.

ಪ್ರೀತಿಯಿಂದ ಕೊಟ್ಟದ್ದಾದರೂ ಕೊಟ್ಟವರ ಹಕ್ಕು ಕೊಟ್ಟವರದೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಯಾರೂ ಹೇಳದೆ, ಹಣ ಪಡೆಯದೆ ತಾನಾಗಿ ಬರೆದ ಚಿತ್ರದ ಒಡೆತನ ಬರೆದವರಲ್ಲೇ ಉಳಿಯುತ್ತದೆ. ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಬರಹದಲ್ಲಿ ಆಗಬೇಕು. ಅಂಗಿಯ ಮೇಲೆ, ಲೋಟದ ಮೇಲೆ ಅಚ್ಚು ಹಾಕಿಸಿ ಮಾರುವ ಯೋಚನೆಯಿದ್ದರೆ ಮೊದಲೇ ಕೇಳಿ, ಪಾಲು ಕೊಟ್ಟು, ಪ್ರತಿ ಕಂತಿನ ವಿವರಣೆಯಲ್ಲಿ ಹೆಸರು ಹಾಕುವುದು ಮರ್ಯಾದೆ.

ಹೆಸರು ಹಾಕುವುದಕ್ಕೆ ಇನ್ನೊಂದು ಕಾರಣವೂ ಉಂಟು. ಪಾಡ್‌ಕಾಸ್ಟಿಗೆ ಹೊಸ ಕವರ್ ಬಂದರೆ ಹಳೆಯದು ಎಲ್ಲ ಆ್ಯಪುಗಳಿಂದ ಮಾಯವಾಗುತ್ತದೆ. ಪುಸ್ತಕದ ಮೊದಲ ಮುದ್ರಣ ಕಪಾಟಿನಲ್ಲಿ ಉಳಿದಂತೆ ಅದು ಉಳಿಯುವುದಿಲ್ಲ. ಆದರೆ ಎಂಪಿ3 ಕಡತದೊಳಗೇ ಚಿತ್ರವನ್ನು ಹುದುಗಿಸಿಡಲು ಬರುತ್ತದೆ. ಇಡೀ ಕಂತಿಗೊಂದು ಚಿತ್ರ, ಬೇಕಾದರೆ ಕಂತಿನ ಅಧ್ಯಾಯ ಅಧ್ಯಾಯಕ್ಕೂ ಒಂದೊಂದು. ಮಾತು ಮುಂದುವರಿದಂತೆ ಅದನ್ನು ತೋರಿಸಬಲ್ಲ ಆ್ಯಪಿನಲ್ಲಿ ಚಿತ್ರ ಬದಲಾಗುತ್ತ ಹೋಗುತ್ತದೆ. ಕೇಳುಗರು ಒಂದೊಂದು ಕಂತಿಗೆಂದೇ ಬರೆದು ಕಳಿಸಿದ ಚಿತ್ರಗಳಿಗೆ ಇದಕ್ಕಿಂತ ತಕ್ಕ ಜಾಗವಿಲ್ಲ. ಕಂತನ್ನು ಇಳಿಸಿಕೊಂಡವರ ಬಳಿ ದನಿಯೂ ಆ ದನಿ ಕೇಳಿ ಬರೆದ ಚಿತ್ರವೂ ಒಂದೇ ಕಡತದಲ್ಲಿ ಇರುತ್ತವೆ. ಕಂತು ಏರಿಸುವ ಮುನ್ನ ಮಾಡಬೇಕಾದ್ದು ಎರಡೇ ಕೆಲಸ: ಚಿತ್ರವನ್ನು ಸೇರಿಸುವುದು, ಟಿಪ್ಪಣಿಯ ಜಾಗದಲ್ಲಿ ಬರೆದವರ ಹೆಸರು ತುಂಬುವುದು.